ಅಲಸಂದೆ ಹಬ್ಬಿದ ಮಂಚ

ತೇಗದ ಮಂಚದ ತಲೆಹಲಗೆಯ ಮೇಲೆ ಅಲಸಂದೆ ಬಳ್ಳಿ ಹಬ್ಬಬಹುದೇ, ಕೂಡದೇ ಎಂಬುದು ಆ ಮಳೆಗಾಲದಲ್ಲಿ ಕಡಲತೀರದ ಊರಾದ ಜೆಪಾರಾದ ನಮ್ಮ ಓಣಿಯ ಮುಂದಿದ್ದ ಅತ್ಯಂತ ಗಂಭೀರವಾದ ಪ್ರಶ್ನೆ. ಅದನ್ನು ಇತ್ಯರ್ಥ ಮಾಡಲು, ಊರಿನ ಸಾವುಗಳಿಗೆಲ್ಲ ಪ್ರಾರ್ಥನೆ ನಡೆಸಿಕೊಡುವ ಮೊದಿನ್ ರೊಖಿಮ್ ಖುದ್ದಾಗಿ ಬಂದು, ದಾರ್ಸೊನೊನ ಹಿತ್ತಲಲ್ಲಿ ಮೂರು ಕಾಲಿನ ಕುರ್ಚಿಯೊಂದರ ಮೇಲೆ ಜೋಪಾನವಾಗಿ ಕುಳಿತಿದ್ದರು. ಆ ಮನೆಯಲ್ಲಿ ಕುರ್ಚಿಗಳಿಗೆ ಬರವಿರಲಿಲ್ಲ, ನಾಲ್ಕು ಕಾಲಿನವಕ್ಕಿತ್ತು. ಹಳೆಯ ಕುರ್ಚಿ ಮೇಜು ಸರಿಮಾಡುವವರ ಮನೆಯೇ ಹಾಗೆ. ಸರಿಹೋದದ್ದು ಹೊರಟುಹೋಗುತ್ತದೆ, ಮುರಿದದ್ದು ಮನೆಯವರ ಜತೆ ಉಳಿಯುತ್ತದೆ.

"ನಮ್ಮಜ್ಜ ಕೆತ್ತಿದ ಹಲಗೆ ಇದು, ಮೊದಿನ್ನೋರೇ," ಎಂದ ದಾರ್ಸೊನೊ. "ಇವಳು ಹಿತ್ತಲಿಗೆ ಎಳ್ಕೊಂಡು ಬಂದು ಚಪ್ಪರ ಮಾಡಿದಾಳೆ. ಬಿಚ್ಚು ಅಂದ್ರೆ ಕಾಯಿ ಬಿಡ್ತಿದೆ ಅಂತಾಳೆ."

"ಕಾಯಿ ಬಿಡೋ ಬಳ್ಳೀನ ಯಾರಾದ್ರೂ ಕೀಳ್ತಾರಾ, ನೀವೇ ಹೇಳಿ," ಎಂದಳು ಅವನ ಹೆಂಡತಿ ಕಸ್ಮಿನಾ, ಕೊಯ್ಯುತ್ತಿದ್ದವಳು ತಲೆ ಎತ್ತದೆ.

ರೊಖಿಮ್ ಒಂದು ಕಾಯಿ ಮುರಿದು ಬಾಯಿಗೆ ಹಾಕಿಕೊಂಡು, "ಎಳೇದಾಗಿದೆ," ಎಂದರು. ಅವರ ತೀರ್ಪುಗಳೆಲ್ಲ ಹೀಗೇ, ಯಾರನ್ನೂ ನೋಯಿಸದಂತೆ ಶುರುವಾಗುತ್ತಿದ್ದವು.

ಮಂಚ ದಾರ್ಸೊನೊ ದಂಪತಿಯ ಒಬ್ಬನೇ ಮಗ ಜಾತ್ಮಿಕೊನದು, ಮನೆಯಲ್ಲಿ ಕರೆಯುತ್ತಿದ್ದುದು ಮಿಕೊ ಎಂದು. ಹಿಂದಿನ ವರ್ಷ ಅವನು ಮೀನಿನ ದೋಣಿಯಲ್ಲಿ ಕರಿಮುಂಜಾವ ದ್ವೀಪಗಳ ಆಚೆಗೆ ಹೋಗಿದ್ದ. ಪಡುವಣ ಗಾಳಿ ಎದ್ದಿತು. ದೋಣಿ ಬರಲಿಲ್ಲ, ಅದರ ಒಂದು ಹಲಗೆಯೂ ಬರಲಿಲ್ಲ. ಸತ್ತವರಿಗೆ ನಲವತ್ತನೆಯ ದಿನ, ನೂರನೆಯ ದಿನ, ಸಾವಿರನೆಯ ದಿನ ಓಣಿಯನ್ನು ಕರೆದು ಊಟ ಹಾಕಬೇಕು. ಎಣಿಸಲು ಮೊದಲು ಒಂದು ಸಾವಿನ ದಿನ ಬೇಕು. ಆ ದಿನವನ್ನು ಕೊಡಲು ಕಸ್ಮಿನಾ ಒಪ್ಪಿರಲಿಲ್ಲ. ದಾರ್ಸೊನೊಗೆ ಮಂಚದ ಹಳೆಯ ವಾರ್ನಿಷ್ ತೆಗೆದು, ಹೊಸದಾಗಿ ಪಾಲಿಶ್ ಮಾಡಿ ತಂಗಿಯ ಮಗಳ ಮದುವೆಗೆ ಕೊಡುವ ಆಸೆ. ಬದುಕಿರುವವನ ಮಂಚವನ್ನು ಹೀಗೆ ಯಾರೂ ಎತ್ತಿಕೊಡುವುದಿಲ್ಲ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವಳು ತಲೆಹಲಗೆಯನ್ನು ಬದನೆ ಸಾಲಿನ ತುದಿಯಲ್ಲಿ ನೆಟ್ಟು, ಬುಡಕ್ಕೆ ಬೀಜ ಹಾಕಿದ್ದು.

"ಬಳ್ಳಿ ಒಣಗೋ ತನಕ ಹಲಗೆ ಅವಳದು, ಒಣಗಿದ ಮೇಲೆ ನಿಂದು," ಎಂದು ರೊಖಿಮ್ ಹೇಳಿ, ಒಂದು ಕಟ್ಟು ಅಲಸಂದೆ ತೆಗೆದುಕೊಂಡು ಹೋದರು.

ಅವರು ಜನ್ಮದಲ್ಲಿ ಒಂದು ಮೆಣಸಿನ ಗಿಡವನ್ನೂ ಬೆಳೆದವರಲ್ಲ. ಹಳೆಯ ಬಳ್ಳಿ ಹಳದಿಯಾಗುವ ಮೊದಲೇ ಕಸ್ಮಿನಾ ಪಕ್ಕದಲ್ಲಿ ಹೊಸ ಬೀಜ ಊರುತ್ತಿದ್ದಳು. ಅದು ಮೊಳೆತು, ಒಣಗುತ್ತಿದ್ದುದರ ಮೈಮೇಲೆಯೇ ಹತ್ತುತ್ತಿತ್ತು.

"ಇದು ಮೋಸ ಕಣೇ, ಮಿಕೊನಮ್ಮ. ಜನ ನಗ್ತಾರೆ."

"ನಗ್ಲಿ ಬಿಡಿ, ಮಿಕೊನಪ್ಪ. ನಿಮ್ಮ ಕುರ್ಚಿ ಮೇಲಿಂದ ಬಿದ್ದೋರೆಲ್ಲ ಈಗ್ಲೇ ನಗ್ತಿದಾರೆ."

ಬೇರೆ ದಾರಿ ಕಾಣದೆ ದಾರ್ಸೊನೊ ಮಂಚದ ಉಳಿದ ಭಾಗಗಳಿಗೆ ಕೈ ಹಾಕಿದ. ಕಾಲುಗಳಿಗೂ ಪಕ್ಕದ ಪಟ್ಟಿಗಳಿಗೂ ಕಾಸ್ಟಿಕ್ ಸೋಡಾ ಬಳಿದು, ಉಬ್ಬಿದ ವಾರ್ನಿಷನ್ನು ಕೆರೆದು, ಬಾವಿಯ ಬಳಿ ತೊಳೆದ. ಚಹದಂಥ ಕಪ್ಪು ನೀರು ಇಳಿಜಾರು ಹಿಡಿದು ತರಕಾರಿಯ ಕಡೆ ಹರಿಯುತ್ತಿತ್ತು. ಕೆಲಸ ವಾರಗಟ್ಟಲೆ ನಡೆಯಿತು.

ಮುಂದಿನ ಬಿತ್ತನೆ ಮೊಳೆಯಲಿಲ್ಲ. ಅವಳು ಮತ್ತೆ ಹಾಕಿದಳು. ಅದೂ ಮೊಳೆಯಲಿಲ್ಲ. ಹಲಗೆಯ ಮೇಲಿನ ಬಳ್ಳಿ ಹುರಿಯಂತೆ ಒಣಗಿತು. ಅವಳು ಮಾತ್ರ ದಿನಾ ಬರಿ ನೆಲಕ್ಕೆ ನೀರು ಹಾಕುತ್ತಿದ್ದಳು.

ದಾರ್ಸೊನೊ ಒಂದು ಮಧ್ಯಾಹ್ನ ಬೆರಳಿನಿಂದ ಮಣ್ಣು ಕೆದಕಿದ. ಮೇಲೆ ಬಿಳಿಯ ಹೊಪ್ಪಳೆ. ಒಂದು ಎರೆಹುಳವೂ ಇಲ್ಲ. ಅವನಿಗೆ ಅರ್ಥವಾಯಿತು. ತಾನು ಗೆದ್ದಿದ್ದೇನೆ ಎಂಬುದೂ ಅರ್ಥವಾಯಿತು. ಸುಮ್ಮನಿದ್ದರೆ ಸಾಕಿತ್ತು.

ಅವಳು ಸಂತೆಗೆ ಹೋದ ದಿನ ಅವನು ಮೆಣಸಿನ ಪಾತಿಯಿಂದ ಬುಟ್ಟಿಗಟ್ಟಲೆ ಮಣ್ಣು ಹೊತ್ತು ಹಲಗೆಯ ಬುಡಕ್ಕೆ ಸುರಿದ. ಅವಳ ಬೀಜದ ಡಬ್ಬಿಯಿಂದ ಒಂದು ಹಿಡಿ ತೆಗೆದು, ಗೂಟ ಹೊಡೆಯುವವನಂತೆ ಆಳಕ್ಕೆ ಊರಿದ. ಆಮೇಲೆ ಬೆಳಗಿನ ಕಾಫಿಗೂ ಮೊದಲು ಹೋಗಿ ನೋಡಿ ಬರುವುದು ಅವನಿಗೆ ರೂಢಿಯಾಯಿತು. ಏನೂ ಬರಲಿಲ್ಲ.

ಕೊನೆಗೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೀಜದ ತಪ್ಪಲ್ಲ," ಎಂದ. "ಸೋಡಾ ನೀರು. ನಾನೇ ಚೆಲ್ಲಿದ್ದು. ಹಲಗೇನ ಆ ಕಡೆ ಗೋಡೆ ಹತ್ರ ನೆಡೋಣ. ಅಲ್ಲಿ ಬರತ್ತೆ."

ಕಸ್ಮಿನಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಗೊತ್ತು," ಎಂದಳು.

"ಏನು ಗೊತ್ತು?"

"ನೀರು ಹರಿದಿದ್ದು ನನ್ನ ಕಾಲಡೀಲೇ ಅಲ್ವಾ. ಪಾದ ಉರೀತಿತ್ತು."

"ಮತ್ತೆ ಅಲ್ಲೇ ಯಾಕೆ ಹಾಕ್ದೆ?"

ಅವಳು ಒಂದು ಕಲ್ಲು ಆರಿಸಿ ಹೊರಗೆಸೆದಳು. "ನನ್ನ ಕೈಯಲ್ಲಿ ಕೀಳಕ್ಕಾಗ್ಲಿಲ್ಲ. ನೀವಾದ್ರೂ ಸಾಯಿಸ್ತೀರಿ ಅಂತ ಸುಮ್ಮನಿದ್ದೆ." ಸ್ವಲ್ಪ ಹೊತ್ತು ಮೊರ ಆಡಿಸಿದಳು. "ನೋಡಿದ್ರೆ ನೀವೇ ಹೋಗಿ ಮಣ್ಣು ಹೊತ್ತು ಹಾಕಿದೀರಿ. ಅದೂ ಅಷ್ಟು ಆಳಕ್ಕೆ ಯಾರು ಊರ್ತಾರೆ?"

ದಾರ್ಸೊನೊ ಹೊಸ್ತಿಲ ಮೇಲೆ ಕುಳಿತುಕೊಂಡ. ಅವನ ಉಗುರಿನ ಸಂದಿಯಲ್ಲಿ ವಾರ್ನಿಷ್ ಇತ್ತು.

"ಮೊದಿನ್ನೋರಿಗೆ ಹೇಳಿ," ಎಂದಳು ಅವಳು. "ದೋಣಿಯ ರೇಡಿಯೋ ನಿಂತಿದ್ದು ಗಾಳಿ ಎದ್ದ ಆ ಶುಕ್ರವಾರ. ಎಣಿಕೆಗೆ ಅದನ್ನೇ ಇಟ್ಕೊಳ್ಲಿ."

ತಲೆಹಲಗೆಯ ಕೆತ್ತನೆಯ ಹೂಗಳ ಸಂದಿಯಲ್ಲಿ ಒಣಬಳ್ಳಿಯ ಚೂರುಗಳು ಸಿಕ್ಕಿಕೊಂಡಿದ್ದವು. ದಾರ್ಸೊನೊ ಅವನ್ನು ದಬ್ಬಣದಿಂದ ಕಿತ್ತ. ಕೆಲವು ಬರಲಿಲ್ಲ. ಅವುಗಳ ಮೇಲೆಯೇ ಪಾಲಿಶ್ ಬಳಿದ.

ತಪ್ಪಿಹೋಗಿದ್ದ ನಲವತ್ತನೆಯ ದಿನವನ್ನೂ ನೂರನೆಯ ದಿನವನ್ನೂ ಸೇರಿಸಿ ಒಂದೇ ಸಂಜೆ ಊಟ ಹಾಕಿದರು. ಅಲಸಂದೆಯನ್ನು ಸಂತೆಯಿಂದ ತರಬೇಕಾಯಿತು. ಮಂಚ ಮರುದಿನ ಕೈಗಾಡಿಯಲ್ಲಿ ಹೋಯಿತು.