ಹತ್ತರಿಂದ ಹಿಡಿದ ಟೇಪು

"ಐವತ್ತು ಸೆಂಟಿಮೀಟರು ಅಂತ ಬರೆದುಕೊಟ್ಟಿದ್ದೆ. ನೀನು ಅರವತ್ತರದ್ದು ಕಟ್ಟಿ ಕಳಿಸಿದ್ದೀಯ. ನಾನು ಬರೆದ ಚೀಟಿ ಎಲ್ಲಿ? ತೆಗಿ, ನೋಡೇಬಿಡೋಣ."

ಮೇಸ್ತ್ರಿಯ ದನಿ ಅಂಗಡಿಯ ಆ ತುದಿಯ ವಾಶ್‌ಬೇಸಿನ್‌ಗಳ ಸಾಲಿನವರೆಗೂ ಮುಟ್ಟಿತು. ಒಳಗೆ ಬಿಸಿನೀರು ಹರಿಸಿ ಟವೆಲ್ ಒಣಗಿಸುವ ರೇಡಿಯೇಟರು ಕೌಂಟರಿನ ಮೇಲೆ ಸಣ್ಣ ಏಣಿಯ ಹಾಗೆ ಅಂಗಾತ ಮಲಗಿತ್ತು. ಅದರ ರಟ್ಟು ಅರ್ಧ ಹರಿದಿತ್ತು. ಬಾಗಿಲ ಬಳಿ ವಾಲ್ವು ಆರಿಸುತ್ತಿದ್ದ ಇಬ್ಬರು ಪ್ಲಂಬರುಗಳು ಕೆಲಸ ಬಿಟ್ಟು ಇತ್ತಲೇ ನೋಡುತ್ತಿದ್ದರು. ಇಬ್ಬರೂ ಅವನ ಕೈಕೆಳಗೇ ಸ್ಪ್ಯಾನರ್ ಹಿಡಿಯಲು ಕಲಿತವರು. 'ಕಣ್ಣಳತೆ ಮೇಸ್ತ್ರಿ' ಅಂತ ಅವನಿಗೆ ಹೆಸರಿಟ್ಟವರೂ ಅವರೇ. ಅವರು ಅಲ್ಲಿಲ್ಲದಿದ್ದರೆ ಮೇಸ್ತ್ರಿ ಇಷ್ಟು ಕೂಗುತ್ತಿರಲಿಲ್ಲವೇನೋ.

ಕೌಂಟರಿನ ಹೆಂಗಸಿಗೆ ನಲವತ್ತರ ಆಸುಪಾಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಅವಳು ಡ್ರಾಯರ್ ಎಳೆದು, ಕನ್ನಡಕ ಏರಿಸಿ, ಒಳಗೆ ಒಂದು ಗಳಿಗೆ ನೋಡಿದಳು. ತಲೆ ಎತ್ತಿ ಮೇಸ್ತ್ರಿಯನ್ನು ನೋಡಿದಳು, ಪಕ್ಕದಲ್ಲಿದ್ದ ಅವನ ಹೆಂಡತಿಯನ್ನು ನೋಡಿದಳು, ಬಾಗಿಲ ಬಳಿಯ ಆ ಇಬ್ಬರನ್ನೂ ನೋಡಿದಳು. ಮತ್ತೆ ಡ್ರಾಯರ್ ಮುಚ್ಚಿದಳು.

"ಸಿಗ್ತಿಲ್ಲ ಸರ್. ನಂದೇ ತಪ್ಪಾಗಿರಬೇಕು."

ಇಷ್ಟು ಸಾಕಾಯಿತು. ಒಳಗಿನಿಂದ ಓಡಿಬಂದ ಯಜಮಾನ ಕೈಮುಗಿದ, ಐವತ್ತರದ್ದನ್ನು ತರಿಸಿಕೊಟ್ಟ. ಆಮೇಲೆ ಎಲ್ಲರೆದುರಿಗೇ ಆ ಹೆಂಗಸಿಗೆ, "ನಾಳೆಯಿಂದ ಕೆಳಗೆ ಗೋಡೌನಲ್ಲಿರಿ. ಪೆಟ್ಟಿಗೆ ಎಣಿಸೋಕಾದ್ರೂ ಬರತ್ತೋ ನೋಡೋಣ," ಅಂದ. ಅವಳು ಸ್ಕ್ರೂಗಳ ಪೊಟ್ಟಣ ತಂದು ಮೇಸ್ತ್ರಿಯ ಹೆಂಡತಿಯ ಕೈಗಿಟ್ಟಳು. ಮೇಸ್ತ್ರಿ ಪ್ಲಂಬರುಗಳ ಕಡೆ ತಿರುಗಿ, "ನೋಡಿದ್ರೇನ್ರೋ," ಎಂಬಂತೆ ಹುಬ್ಬು ಹಾರಿಸಿ ಹೊರಬಿದ್ದ.

ಮೂವತ್ತು ವರ್ಷ ಕಂಡವರ ಬಚ್ಚಲುಮನೆಗಳಿಗೆ ಬಿಸಿನೀರು ಹರಿಸಿದ ಮನುಷ್ಯ. ತನ್ನ ಮನೆಯಲ್ಲಿ ಮಾತ್ರ ಒದ್ದೆ ಟವೆಲು ಕುರ್ಚಿಯ ಬೆನ್ನಿಗೇ ಒಣಗಬೇಕಿತ್ತು. ಒಣಗುತ್ತಲೂ ಇರಲಿಲ್ಲ. "ಊರಿನವರಿಗೆಲ್ಲ ಬೆಚ್ಚಗಿನ ಟವೆಲು, ನಮಗೆ ಮಾತ್ರ ನೆಲ ಒರೆಸೋ ಬಟ್ಟೆ ವಾಸನೇದು," ಅಂತ ಹೆಂಡತಿ ಎಷ್ಟು ಚಳಿಗಾಲ ಅಂದಿದ್ದಳೋ. ಕಡೆಗೂ ಹೋದ ಶನಿವಾರ ಇಬ್ಬರೂ ಹೋಗಿ ಎರಡು ಗಂಟೆ ಕೂತು ಆರಿಸಿದ್ದರು. ಹೆಂಡತಿಗೆ ಮುಂದಕ್ಕೆ ಬಾಗಿದ ಕೊಳವೆಗಳದ್ದು ಚೆಂದ ಕಂಡಿತ್ತು. ಇವನಿಗೆ ನೆಟ್ಟಗಿನದೇ ಆಗಬೇಕು. ಆ ಕನ್ನಡಕದ ಹೆಂಗಸೇ ಬೇಸರಪಡದೆ ಒಂದೊಂದಕ್ಕೂ ದಪ್ಪ ಟವೆಲು ತೂರಿಸಿ ತೋರಿಸಿ, ಇಬ್ಬರಿಗೂ ಒಪ್ಪುವಂಥದನ್ನು ಹುಡುಕಿಕೊಟ್ಟಿದ್ದಳು. ಕಡೆಗೆ ಚೀಟಿ ನೋಡಿ, "ಸರ್, ಗೋಡೆಯಿಂದ ಬರೋ ಎರಡು ಕೊಳವೆ ನಡುವಿನ ಅಳತೆ ಇದೇ ತಾನೇ? ಒಂದ್ಸಲ ನೋಡ್ಬಿಡಿ," ಅಂದಿದ್ದಳು. ಎರಡು ಸಲ ಅಂದಿದ್ದಳು.

"ನೀನು ಸ್ಲೇಟು ಹಿಡಿಯೋ ಕಾಲದಿಂದ ಅಳೀತಿದ್ದೀನಮ್ಮ," ಅಂತ ಮೇಸ್ತ್ರಿ ನಕ್ಕಿದ್ದ. ಚೀಟಿಯ ಕಡೆ ಕಣ್ಣು ಹಾಯಿಸಿರಲಿಲ್ಲ.

ಬದಲಿಸಿ ತಂದ ರೇಡಿಯೇಟರು ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಕೂತಿತು. ಕೊಳವೆಗಳ ಬಾಯಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ವಾಲ್ವು ತಿರುಗಿಸಿದ. ಒಳಗೆ ನೀರು ಗುಳುಗುಳು ಅಂದಿತು, ಕೆಳಗಿನ ಕೊಳವೆ ಬೆಚ್ಚಗಾಯಿತು, ಆಮೇಲೆ ಅದರ ಮೇಲಿನದು.

"ನೋಡಿದ್ಯಾ, ಐವತ್ತು ಅಂದ್ರೆ ಐವತ್ತು. ಇಂಥವರನ್ನೆಲ್ಲ ಯಾಕಾದ್ರೂ ಕೆಲಸಕ್ಕೆ ಇಟ್ಕೋತಾರೋ."

ಹೆಂಡತಿ ಬಾಗಿಲಿಗೊರಗಿ ನಿಂತಿದ್ದಳು.

"ರೀ, ಅವತ್ತು ಅಳೆಯುವಾಗ ಟೇಪಿನ ತುದಿ ಹಿಡಿದೋಳು ನಾನು."

"ಹೌದು, ಏನೀಗ?"

"ಹತ್ತರಲ್ಲಿ ಹಿಡಿದಿದ್ದೆ. ನೀವೇ ಹಾಗೆ ಹೇಳಿದ್ರಿ."

ಆರು ವರ್ಷದ ಹಿಂದೆ ಆ ಟೇಪಿನ ತುದಿ ಮುರಿದಿತ್ತು. ಅಂದಿನಿಂದ ಹತ್ತರ ಗೆರೆಯಿಂದ ಹಿಡಿಯುವುದು, ಕೊನೆಗೆ ಹತ್ತು ಕಳೆಯುವುದು. ಎಲ್ಲ ಮೇಸ್ತ್ರಿಗಳೂ ಮಾಡುವ ಉಪಾಯವೇ. ಹೊಸದು ತಗೊಳ್ಳಿ ಅಂದರೆ, ಇದು ಕೈಗೆ ಒಗ್ಗಿದೆ ಅನ್ನುತ್ತಿದ್ದ.

ಅವಳು ಸೆರಗಿನ ಗಂಟಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಕೊಟ್ಟಳು. "ಸ್ಕ್ರೂ ಪೊಟ್ಟಣದೊಳಗೆ ಇಟ್ಟು ಕೊಟ್ಟಿದ್ದಾರೆ. ದಾರೀಲೇ ನೋಡ್ದೆ. ಹೇಗೆ ಹೇಳೋದೋ ಗೊತ್ತಾಗಲಿಲ್ಲ."

ಅರವತ್ತು. ಅವನದೇ ಪೆನ್ಸಿಲು, ಅವನದೇ ಡೊಳ್ಳುಹೊಟ್ಟೆಯ ಆರು. ಹತ್ತು ಕಳೆಯಲು ಮರೆತಿದ್ದ, ಅಷ್ಟೇ. ಡ್ರಾಯರಿನಲ್ಲಿ ಚೀಟಿ ಇತ್ತು. ಕೌಂಟರಿನ ಹೆಂಗಸು ಅದನ್ನು ಓದಿದ್ದಳು. ಎತ್ತಿ ಹಿಡಿದಿದ್ದರೆ ಸಾಕಿತ್ತು, ಆ ಇಬ್ಬರ ಮುಂದೆ ಇವನ ಮಾನ ಅಲ್ಲೇ ಹರಾಜಾಗುತ್ತಿತ್ತು. ಹಿಡಿಯಲಿಲ್ಲ. ಬೈಸಿಕೊಂಡು ಗೋಡೌನನ್ನು ಒಪ್ಪಿಕೊಂಡಳು. ಅಷ್ಟು ಜನರ ಮುಂದೆ ಸಿಕ್ಕಿಬಿದ್ದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ ಅನ್ನಿಸಿತು. ಬಿಸಿಯಾಗುತ್ತಿದ್ದ ಕೊಳವೆಗಳ ಮುಂದೆ ಸ್ಪ್ಯಾನರ್ ಹಿಡಿದು ಅವನು ಸುಮ್ಮನೆ ಕುಕ್ಕರಗಾಲಲ್ಲಿ ಕೂತೇ ಇದ್ದ.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಅವನು ಮೂರು ಸಲ ಹಾದುಹೋದ. ಗಾಜಿನಾಚೆ ಅದೇ ಇಬ್ಬರು ಪ್ಲಂಬರುಗಳು ಯಜಮಾನನ ಜೊತೆ ಹರಟುತ್ತಿದ್ದರು. ಅವರು ಹೋಗಲಿ ಅಂತ ಕಾದ. ಬೀದಿಯ ಆ ಕೊನೆಗೆ ಹೋಗಿ ಬಂದ, ಬೇಡದ ಬೀಡಿಯೊಂದನ್ನು ಹಚ್ಚಿ ಆರಿಸಿದ. ತಾನು ಯಾಕೆ ಕಾಯುತ್ತಿದ್ದೇನೆ ಅನ್ನುವುದು ತನಗೇ ಗೊತ್ತಾದಾಗ ಹೇಸಿಗೆ ಎನಿಸಿ ಒಳಗೆ ನುಗ್ಗಿದ.

"ಆ ಅಮ್ಮನ್ನ ಕರೀರಿ."

"ಮತ್ತೇನಾಯ್ತು ಸರ್? ಬಿಡಿ, ನಾನೇ ನೋಡ್ತೀನಿ," ಅಂದ ಯಜಮಾನ.

"ಅವರನ್ನೇ ಕರೀರಿ."

ಅವಳು ಮೆಟ್ಟಿಲು ಹತ್ತಿ ಬಂದಳು. ಕೈತುಂಬ ರಟ್ಟಿನ ಧೂಳು. ಇವನನ್ನು ಕಂಡದ್ದೇ ಕೈ ಸೆರಗಿಗೆ ಒರೆಸಿಕೊಂಡು, ಅವನು ಬಾಯಿ ತೆರೆಯುವ ಮೊದಲೇ, "ತಪ್ಪಾಯ್ತು ಸರ್," ಅಂದಳು.

ಮೇಸ್ತ್ರಿ ಚೀಟಿಯನ್ನು ಕೌಂಟರಿನ ಮೇಲೆ ಬಿಡಿಸಿಟ್ಟ.

"ಅರವತ್ತು. ನನ್ನ ಕೈಯಾರೆ ಬರೆದದ್ದು. ಇವರು ಎರಡು ಸಲ ಕೇಳಿದ್ರು, ನಾನು ನೋಡಲಿಲ್ಲ. ತಪ್ಪು ನಂದು." ಯಜಮಾನನಿಗೆ ಹೇಳಿದ, ಆಮೇಲೆ ಕತ್ತು ತಿರುಗಿಸಿ ಆ ಇಬ್ಬರಿಗೂ ಹೇಳಿದ. ಅವರು ಕೈಯಲ್ಲಿದ್ದ ವಾಲ್ವುಗಳನ್ನೇ ನೋಡುತ್ತಾ ನಿಂತರು.

ಯಜಮಾನ ಪೆಚ್ಚುಪೆಚ್ಚಾಗಿ ನಕ್ಕ. "ಹೋಗ್ಲಿ ಬಿಡಿ. ನೀವು ಮೇಲೆ ಬಂದ್ಬಿಡಿ ಅಮ್ಮ, ನಿಮ್ಮ ಜಾಗ ಇದ್ದೇ ಇದೆ."

ಅವಳು ಕೌಂಟರಿನ ಕಡೆ ಒಮ್ಮೆ ನೋಡಿದಳು. "ಬೇಡ ಸರ್. ಕೆಳಗೇ ಇರ್ತೀನಿ. ಅಲ್ಲಿ ಯಾರೂ ಕೂಗಲ್ಲ."

ಅದನ್ನು ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೆಟ್ಟಿಲಿಳಿಯುವ ಮೊದಲು ಏನೋ ನೆನಪಾದವಳಂತೆ ತಿರುಗಿ, ಅವನನ್ನೊಂದು ಮಾತು ಕೇಳಿದಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. "ಏನಂದ್ರು?"

"ಬಿಸಿ ಚೆನ್ನಾಗಿ ಬರ್ತಿದೆಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಬರ್ತಿದೆ ಅಂದೆ."

ಅವನು ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ರೇಡಿಯೇಟರಿನ ಮೇಲೆ ಹೆಂಡತಿ ಎರಡು ಟವೆಲು ನೀಟಾಗಿ ಮಡಚಿ ಇಳಿಬಿಟ್ಟಿದ್ದಳು. ಅದರ ಬಿಸಿ ಮುಖಕ್ಕೆ ತಾಕುತ್ತಿತ್ತು. ಕೈ ಅತ್ತ ಹೋಯಿತು, ಅರ್ಧದಲ್ಲೇ ನಿಂತಿತು. ನೀರಿಳಿಯುವ ಮುಖವನ್ನು ಅವನು ಅಂಗಿಯ ತುದಿಗೇ ಒರೆಸಿಕೊಂಡ.