ಕೆಂಚವ್ವನ ವಯಸ್ಸು

ಟಿಕ್.

ಅಷ್ಟೇ ಸಪ್ಪಳ. ರಾತ್ರಿ ಹನ್ನೊಂದರ ಮೇಲೆ, ಕಾಗವಾಡದ ನಮ್ಮ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ, ಅಡುಗೆಯ ಕಡೆಯಿಂದ. ಮೊದಲ ರಾತ್ರಿ ಹಲ್ಲಿ ಅಂದುಕೊಂಡೆ. ಒಂದು ರಾತ್ರಿ ಬಿಟ್ಟು ಮತ್ತೆ ಕೇಳಿದಾಗ ಗ್ಯಾಸ್ ಸಿಲಿಂಡರ್ ಇರಬೇಕೆಂದು ಎದ್ದು ಹೋಗಿ ಮೂಸಿ ನೋಡಿ ಬಂದೆ. ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡದೆ ಮಲಗುವವಳಲ್ಲ ನಾನು. ಮೂರನೆಯ ಸಲ ಸಪ್ಪಳ ಕೇಳಿದ ಕೂಡಲೇ ಹೋಗಿ ದೀಪ ಹಾಕಿದೆ.

ನನ್ನ ಅತ್ತೆ ಶೇವಂತಾ ಒಲೆಕಟ್ಟೆಯ ಮುಂದೆ ಕುಳಿತಿದ್ದರು. ಬಿಪಿ ಗುಳಿಗೆಯನ್ನು ಎರಡು ಹೆಬ್ಬೆರಳಿನ ಉಗುರಿನಿಂದ ಮುರಿದು, ಅರ್ಧ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಕಾಗದದ ಚೂರಿನಲ್ಲಿ ಸುತ್ತುತ್ತಿದ್ದರು.

"ಏನ ಮಾಡಾಕತ್ತೀರಿ ಅತ್ತ್ಯಾರ?"

"ಪಾಲ ಮಾಡಾಕತ್ತೀನಿ. ಇವತ್ತಿಗಿ ಅರ್ಧಾ, ನಾಳಿಗಿ ಅರ್ಧಾ."

"ಮಿರಜದ ಡಾಕ್ಟರು ದಿನಾ ಒಂದ ತಗೋಬೇಕಂತ ಹೇಳ್ಯಾರಲ್ರಿ! ಚಕ್ಕರ ಬಂದ ಬಿದ್ರ?"

"ಅರ್ಧಾ ತಗೊಂಡ್ರ ಅರ್ಧಾ ಚಕ್ಕರ ಬರತೈತಿ ಬೇ. ಗ್ವಾಡಿ ಹಿಡದ ನಿಂತ್ರ ಹೋಗತೈತಿ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದೆ ಅವರು ನಲ್ಲಿಯ ಹತ್ತಿರ ಬಿದ್ದಿದ್ದರು. ಇನ್ನೊಂದು ಸಲ ಹೀಗಾದರೆ ಕೈಕಾಲು ಹೋಗಬಹುದು, ಮಾತೂ ಹೋಗಬಹುದು ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದರು. ಅದು ೨೦೦೯ರ ಬೇಸಿಗೆ. ಆಲಿಕಲ್ಲು ಬಿದ್ದು ದ್ರಾಕ್ಷಿ ಹಾಳಾಗಿತ್ತು. ನನ್ನ ಗಂಡ ವಿಕ್ರಾಂತ ಕೆಲಸ ಮಾಡುತ್ತಿದ್ದ ಒಣದ್ರಾಕ್ಷಿ ಶೆಡ್ಡಿಗೆ ಒಣಗಿಸಲು ಹಣ್ಣೇ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಒಂದೊಂದು ಕಡಿಮೆ ಮಾಡಿಕೊಂಡಿದ್ದೆವು. ಅತ್ತೆ ಯಾರಿಗೂ ಹೇಳದೆ ತಮ್ಮ ಔಷಧಿ ಕಡಿಮೆ ಮಾಡಿಕೊಂಡಿದ್ದರು.

ಮರುದಿನ ನೆರವು ಎಲ್ಲಿ ಸಿಗುತ್ತದೆಂದು ಹುಡುಕಲು ಹೊರಟೆ. ಮಹಿಳಾ ಸಂಘದಲ್ಲಿ ಈ ಸಲದ ಸಾಲ ಆಗಲೇ ಬೇರೆಯವರಿಗೆ ಹೋಗಿತ್ತು. ಸರ್ಕಾರಿ ದವಾಖಾನೆಯ ಸಿಸ್ಟರ್ ಹತ್ತು ಗುಳಿಗೆ ಕೊಟ್ಟು, "ಇದ ಕಾಯಂ ಆಗೂದಿಲ್ರಿ. ವಯಸ್ಸ ಅರವತ್ತೈದ ಆಗಿದ್ರ ಪಗಾರ ಸಿಗತೈತಿ, ನಾಡಕಚೇರಿಗಿ ಹೋಗ್ರಿ" ಎಂದಳು. ವೃದ್ಧಾಪ್ಯ ವೇತನವನ್ನು ನಮ್ಮಲ್ಲಿ ಪಗಾರ ಅನ್ನುತ್ತಾರೆ. ಹಾಗಂದರೆ ಪಡೆಯುವವರಿಗೂ ಗೌರವ ಅನ್ನಿಸುತ್ತದೆ.

ನಾಡಕಚೇರಿಯ ಗುಮಾಸ್ತ ಭಾವುಸಾಹೇಬ ನಮ್ಮ ರೇಷನ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

"ಅರವತ್ತ ಐತಲ್ರಿ ಅಕ್ಕಾರ. ಐದ ವರ್ಷ ಬಿಟ್ಟ ಬರ್ರಿ."

"ಅರ್ಧಾ ಗುಳಿಗಿ ಮ್ಯಾಲ ಐದ ವರ್ಷ ತಡೀತಾರೇನ್ರಿ?"

ಹಾಗೆ ಒರಟಾಗಿ ಕೇಳಿದವಳು ನಾನೇ ಎಂದು ಗೊತ್ತಾಗಿ ನನ್ನ ಕಿವಿ ಬಿಸಿಯಾದವು. ಅವರು ಕಾರ್ಡನ್ನು ತಿರುಗಿಸಿ ನೋಡಿದರು. "ಇದರಾಗಿನ ವಯಸ್ಸ ಮನೀ ಯಜಮಾನ್ರು ಹೇಳಿ ಬರಸಿದ್ದ. ಸಾಲಿ ದಾಖಲೆ ಇದ್ರ ತರ್ರಿ, ಅದಕ್ಕ ತೂಕ ಹೆಚ್ಚ. ಆಯಿ ಸಾಲಿಗಿ ಹೋಗ್ಯಾರೇನ?"

ಮನೆಯ ಯಜಮಾನರು ನನ್ನ ಮಾವ ಗುರಪ್ಪ. ವಯಸ್ಸು ಅರವತ್ತಮೂರು. ಇನ್ನೆರಡು ವರ್ಷಕ್ಕೆ ತಮಗೆ ಪಗಾರ ಶುರುವಾಗುತ್ತದೆಂದು ಈಗಿನಿಂದಲೇ ಹೊಸ ಟೊಪ್ಪಿಗೆಯ ಬಣ್ಣ ಆರಿಸಿಟ್ಟವರು. ಮನೆಯಲ್ಲಿ ಯಾವ ವಾದ ಎದ್ದರೂ, ಅದು ಪಲ್ಯದ ಉಪ್ಪಿನ ವಿಷಯವಾಗಿದ್ದರೂ, ಅವರು ಹೆಂಡತಿಗೆ ಕೊನೆಗೆ ಹೇಳುವುದು ಒಂದೇ: "ನಿನಕಿಂತ ಮೂರ ವರ್ಷ ದೊಡ್ಡಾಂವ ಅದೀನಿ, ಸುಮ್ಕಿರ." ಅತ್ತೆ ಸುಮ್ಮನಿರುತ್ತಿದ್ದರು. ಸುಮ್ಮನಿರುವಾಗ ಅವರ ತುಟಿಯ ಒಂದು ಬದಿ ಸ್ವಲ್ಪ ಮೇಲೇಳುತ್ತಿತ್ತು. ಹತ್ತು ವರ್ಷದಿಂದ ನಾನದನ್ನು ನೋಡುತ್ತಿದ್ದೆ, ಕಾರಣ ಮಾತ್ರ ಗೊತ್ತಿರಲಿಲ್ಲ.

ಶಾಲೆಯ ಮಾತೆತ್ತಿದ ಕೂಡಲೇ ಅತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು.

"ಎರಡ ವರ್ಷ ಹೋಗೀನಿ, ಶೇಡಬಾಳದಾಗ. ಖರೆ ಅಲ್ಲಿ ಶೇವಂತಾ ಅಂತ ಹುಡಕಿದ್ರ ಸಿಗೂದಿಲ್ಲ."

ಇದು ನನಗೆ ಗೊತ್ತಿರಬೇಕಾಗಿತ್ತು. ನಮ್ಮ ಮನೆಗಳಲ್ಲಿ ಮದುವೆಯ ದಿನ ಗಂಡು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹೆಂಡತಿಗೆ ಅದೇ ಹೆಸರು. ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವವಳು ಸಪನಾ, ಸಂಸಾರ ಮಾಡುತ್ತಿರುವವಳು ಶುಭಾಂಗಿ.

"ಹಂಗಾರ ನಿಮ್ಮ ತವರಿನ ಹೆಸರ ಏನ್ರಿ?"

ಅತ್ತೆ ಮಾವನಿದ್ದ ಕಡೆ ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕೆಂಚವ್ವ" ಎಂದರು. ಹೇಳಿದವರಿಗೇ ನಾಚಿಕೆಯಾಗಿ ಮುಖ ಕೆಂಪಾಯಿತು.

ಮಾವನಿಗೆ ಶೇಡಬಾಳದ ಬಸದಿಯ ಹತ್ತಿರ ಸಂಬಂಧಿಕರಿಗೆ ಹುಷಾರಿಲ್ಲ ಎಂದು ಹೇಳಿ ಇಬ್ಬರೂ ಟಮಟಮ್ ರಿಕ್ಷಾ ಹತ್ತಿದೆವು. ನಾನು ಸುಳ್ಳು ಹೇಳಿದಾಗ ಗಂಟಲು ಒಣಗುತ್ತದೆ. ದಾರಿಯುದ್ದಕ್ಕೂ ನೀರು ಕುಡಿದೆ.

ಹೆಡ್ ಮಾಸ್ತರ ತವನಪ್ಪ ಒಳ್ಳೆಯ ಮನುಷ್ಯ. ಕಪಾಟಿನ ಮೇಲಿಂದ ಹಳೇ ರಜಿಸ್ಟರುಗಳನ್ನು ಇಳಿಸಿ ಧೂಳು ಊದಿದರು. ಮೂರೂ ಜನ ಸೀನಿದೆವು. ಮೊದಲ ಪುಟಗಳು ಮರಾಠಿಯಲ್ಲಿದ್ದವು. ನಾನು ಬೆರಳಿಟ್ಟು ಓದುತ್ತಾ ಹೋದೆ. ನಾಲ್ಕನೆಯ ರಜಿಸ್ಟರಿನಲ್ಲಿ ಸಿಕ್ಕಳು ಕೆಂಚವ್ವ. ಶಾಲೆ ಬಿಟ್ಟ ಕಾರಣ ಎಂಬಲ್ಲಿ "ತಮ್ಮನನ್ನು ಎತ್ತಿಕೊಳ್ಳಲು" ಎಂದು ಬರೆದಿತ್ತು.

"ಆ ತಮ್ಮ ಈಗ ಟಮಟಮಿನ್ಯಾಗ ಕುಂತ್ರ ಡ್ರೈವರ ಎರಡ ಸೀಟಿನ ರೊಕ್ಕಾ ಕೇಳತಾನ್ರಿ ಮಾಸ್ತರ," ಎಂದರು ಅತ್ತೆ.

ನಾನು ಹುಟ್ಟಿದ ವರ್ಷ ಓದಿದೆ. ಮತ್ತೆ ಓದಿದೆ. ೧೯೪೩. ಬೆರಳು ಮಡಿಚಿ ಎಣಿಸಿದೆ. ಅರವತ್ತಾರು. ಪಗಾರಕ್ಕೆ ಬೇಕಾದ್ದಕ್ಕಿಂತ ಒಂದು ಹೆಚ್ಚೇ! ಕುಣಿಯಬೇಕೆನ್ನಿಸಿತು. ಆಮೇಲೆ ಇನ್ನೊಂದು ಲೆಕ್ಕ ತಲೆಗೆ ಬಂದು ಬೆರಳು ಅಲ್ಲೇ ನಿಂತಿತು.

"ಅತ್ತ್ಯಾರ… ಮಾವಾರ ಅರವತ್ತಮೂರು."

"ಹೂಂ."

"ನೀವ ಅರವತ್ತಾರು."

"ಹೂಂ ಅಂದ್ನೆಲ್ಲ. ಇಪ್ಪತ್ತೊಂದಕ್ಕ ಲಗ್ನಾ. ಸಣಕಲ ಇದ್ನಿ, ನಮ್ಮಪ್ಪ ಹದಿನೈದಂತ ಹೇಳಿ ಕೊಟ್ಟಾ. ವರಾಗ ಹದಿನೆಂಟು. ಮೂರ ವರ್ಷ ದೊಡ್ಡಾಂವ ಅಂತ ಅವತ್ತ ಸುರು ಮಾಡಿದಾಂವ ಇನ್ನಾ ನಿಲ್ಲಿಸಿಲ್ಲ."

ಮೊದಲು ನಕ್ಕವರು ತವನಪ್ಪ ಮಾಸ್ತರು. ಆಮೇಲೆ ಅತ್ತೆ. ಆಮೇಲೆ ನಾನು. ನಿಲ್ಲಿಸಲು ನೋಡಿದಷ್ಟೂ ನಗು ಉಕ್ಕಿ ಬಂತು. ನಲವತ್ತೈದು ವರ್ಷದ ಉಪ್ಪಿನ ವಾದಗಳೆಲ್ಲ ನನ್ನ ಕಣ್ಣ ಮುಂದೆ ಮೆರವಣಿಗೆ ಹೊರಟಿದ್ದವು. ಟಮಟಮಿನಲ್ಲಿ ಬರುವಾಗಲೂ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ. ಮುಂದಿನ ಸೀಟಿನ ಹೆಂಗಸು ಯಾರ ಮದುವೆಗೆ ಹೋಗಿದ್ದಿರಿ ಎಂದು ಕೇಳಿದಳು.

ಊರು ಹತ್ತಿರವಾದಾಗ ಅತ್ತೆ ಒಮ್ಮೆಲೇ ನಗು ನಿಲ್ಲಿಸಿ ನನ್ನ ಕೈ ಹಿಡಿದರು. "ಶುಭಾಂಗಿ, ಅವ್ರಿಗಿ ಗೊತ್ತಾಗಬಾರದವಾ. ಹಂಗ ಗೊತ್ತಾಗೂದಿದ್ರ ನನಗ ಪಗಾರ ಬ್ಯಾಡ. ಆ ಮನಶ್ಯಾಗ ಹೊಲಾ ಇಲ್ಲ, ಮನೀ ಇಲ್ಲ, ಇರೂದ ಅದೊಂದ ಮೂರ ವರ್ಷ."

ಅರ್ಜಿಯಲ್ಲಿ ಗಂಡನ ವಯಸ್ಸು ಕೇಳಿರಲಿಲ್ಲ. ನಾಲ್ಕು ಸಲ ಓದಿ ಖಚಿತ ಮಾಡಿಕೊಂಡೆ. ಕೆಂಚವ್ವ ಉರ್ಫ್ ಶೇವಂತಾ ಒಬ್ಬರೇ ಎಂದು ಅಥಣಿಯ ವಕೀಲರಲ್ಲಿ ಅಫಿಡವಿಟ್ ಮಾಡಿಸಿದೆವು. ಆದರೆ ನಾಡಕಚೇರಿಯಲ್ಲಿ ಭಾವುಸಾಹೇಬರು ಅತ್ತೆಯ ಬಾಯಿಂದಲೇ ಕೇಳಬೇಕೆಂದರು.

"ಗಂಡನ ಹೆಸರ ಹೇಳ್ರಿ ಆಯಿ."

ಅತ್ತೆ ನೆಲ ನೋಡಿದರು. ಜನ್ಮದಲ್ಲಿ ಗಂಡನ ಹೆಸರು ಹಿಡಿದವರಲ್ಲ. ನಾನು ಹೇಳಲು ಹೋದೆ. "ನೀವ ಅಲ್ರಿ, ಅರ್ಜಿದಾರರು ಹೇಳಬೇಕ್ರಿ," ಎಂದರು ಅವರು.

ಸಾಲಿನ ಹಿಂದಿನಿಂದ ಯಾರೋ ಕೂಗಿದರು: "ಒಡಪ ಕಟ್ಟಿ ಹೇಳ ಆಯೀ, ಪದದಾಗ ಹೆಸರ ಹೇಳಿದ್ರ ನಡೀತೈತಿ!"

"ಹೇಳಲಿ, ಹೇಳಲಿ!" ಎಂದು ಇಡೀ ಸಾಲು ದನಿಗೂಡಿಸಿತು. ಅತ್ತೆ ಸೆರಗು ಸರಿಮಾಡಿಕೊಂಡು ಗಂಟಲು ಕೆಮ್ಮಿದರು:

"ಗುಳಿಗಿ ಮುರದ ನುಂಗೀನಿ, ಅರ್ಧಾ ಐತಿ ಕಾಗದದಾಗ,
ಗುರಪ್ಪನವರ ಹೆಸರ ಹೇಳತೀನಿ ಭಾವುಸಾಹೇಬರ ಹಾಪೀಸದಾಗ!"

ಕಚೇರಿ ಸಿಳ್ಳೆ ಹೊಡೆಯಿತು. ಭಾವುಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಠಸ್ಸೆ ಒತ್ತಿದರು.

ಮಂಜೂರಿಯ ಕಾಗದ ಬರುವತನಕ ಸಿಸ್ಟರ್ ಎರಡು ಸಲ ಗುಳಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡಳು. ಕಾಗದ ಮಾವನ ಕೈಗೆ ಸಿಗಬಾರದೆಂದು ನಾನು ದಿನಾ ಅಂಚೆಯವನಿಗಾಗಿ ಹೊಸ್ತಿಲಲ್ಲೇ ಕಾಯುತ್ತಿದ್ದೆ. ನೀರಿಗೆ ಹೋದ ಹತ್ತು ನಿಮಿಷದಲ್ಲೇ ಅವನು ಬಂದು ಹೋಗಿದ್ದ. ಕೊಡ ಇಳಿಸುವಾಗ ನೋಡುತ್ತೇನೆ, ಮಾವ ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬೆರಳು ಸರಿಸುತ್ತಿದ್ದಾರೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ.

"ಶೇವಂತಾ… ಗುರಪ್ಪ… ವಯಸ್ಸು ಅರವತ್ತಾರು." ಮಾವ ತಲೆಯೆತ್ತಿದರು. "ಅರವತ್ತಾರಂತ! ಹಾಪೀಸದಾಂವ ಬರೆಯಾಕ ತಪ್ಪ್ಯಾನ. ನನಕಿಂತ ದೊಡ್ಡಾಕೀನ ಮಾಡಿ ಇಟ್ಟಾನಲ್ಲೇ!"

ಅತ್ತೆಗೆ ಕೆಮ್ಮು ಬಂತು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಮಾವ ಎದ್ದು ಟೊಪ್ಪಿಗೆ ಹಾಕಿಕೊಂಡರು. "ನಡೀರಿ, ತಿದ್ದಿಸಿ ಬರೂಣು. ಸುಳ್ಳ ವಯಸ್ಸ ಹೇಳಿ ಸರಕಾರದ ರೊಕ್ಕ ತಿನ್ನೂ ಮನೀತನ ಅಲ್ಲ ನಮ್ದು."

ನನ್ನ ನಗು ಹಾರಿಹೋಯಿತು. ನಿಜ ಹೇಳಿದರೆ ಅತ್ತೆ ಪಗಾರ ಬಿಡುತ್ತಾರೆ, ಹೇಳದಿದ್ದರೆ ಮಾವ ಬಿಡಿಸುತ್ತಾರೆ. ಯಾವ ಮಾತು ಆಡಿದರೂ ತಪ್ಪೇ. ಹಾಗಾಗಿ ಮಾತೇ ಆಡದೆ ಅತ್ತೆಯ ಗುಳಿಗೆ ಡಬ್ಬಿಯಿಂದ ಆ ಕಾಗದದ ಚೂರು ತೆಗೆದು, ಬಿಚ್ಚಿ, ಕೊನೆಗೆ ಉಳಿದಿದ್ದ ಅರ್ಧ ಗುಳಿಗೆಯನ್ನು ಮಾವನ ಅಂಗೈ ಮೇಲಿಟ್ಟೆ.

"ಏನಿದು?"

"ಅತ್ತ್ಯಾರ ಬಿಪಿ ಗುಳಿಗಿ ರಿ. ಬ್ಯಾಸಗಿ ತುಂಬ ಅರ್ಧರ್ಧಾ ನುಂಗ್ಯಾರ."

ಮಾವ ಹೆಂಡತಿಯನ್ನು ನೋಡಿದರು. ಗುಳಿಗೆಯನ್ನು ನೋಡಿದರು. ಟೊಪ್ಪಿಗೆ ತೆಗೆದು ಹೊರಸಿನ ಮೇಲೆ ಕುಳಿತರು.

"ಬಾಗಲಾ ಹಾಕ ಶುಭಾಂಗಿ."

ಹಾಕಿದೆ. ಚಿಲಕ ಒಂದೇ ಸಲ ನೋಡಿದೆ.

"ತಪ್ಪ ಅವ್ರದು, ನಮ್ದಲ್ಲ," ಎಂದರು ಮಾವ ದನಿ ತಗ್ಗಿಸಿ. "ಈಗ ತಿದ್ದಿಸಾಕ ಹೋದ್ರ ಪಾಪ ಆ ಗುಮಾಸ್ತನ ನೌಕರಿ ಹೋಗತೈತಿ. ಕಾಗದದಾಗ ಬೇಕಾದ್ರ ಆಕಿ ದೊಡ್ಡಾಕಿ ಇರಲಿ. ಮನ್ಯಾಗ ನಾನ ದೊಡ್ಡಾಂವ. ಯಾರ ಮುಂದೂ ಹೇಳೂದ ಬ್ಯಾಡ. ವಿಕ್ರಾಂತನ ಮುಂದೂ ಬ್ಯಾಡ. ತಿಳೀತಿಲ್ಲೋ?"

"ತಿಳೀತ್ರಿ," ಎಂದರು ಅತ್ತೆ, ತುಟಿಯ ಒಂದು ಬದಿ ಮೇಲೆತ್ತಿ. "ದೊಡ್ಡವ್ರು ನೀವ ಹೇಳಿದ ಮ್ಯಾಲ ಮುಗೀತು. ಯಾರ ಮುಂದೂ ಹೇಳೂದಿಲ್ಲ."