ಹಳೇ ಲೋಡರ್ ಕುಡಿದ ಡೀಸೆಲ್

ಯಾರ್ಡಿನ ಯಂತ್ರಗಳ ಉಸ್ತುವಾರಿಯೆಲ್ಲ ಅವಳದು. ಯಾವ ಗಾಡಿ ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಗ್ರೀಸ್ ಬೇಕು, ಯಾವುದು ಕೈಕೊಡುವ ಹುನ್ನಾರದಲ್ಲಿದೆ ಎಂಬುದೆಲ್ಲ ಅವಳಿಗೆ ಗೊತ್ತು. ಎಲ್ಲರೂ ಅವಳನ್ನು ಮೆಷಿನ್ ಅಕ್ಕ ಎನ್ನುತ್ತಿದ್ದರು. ತಲೆಗೆ ಒಂದು ಪ್ರಶ್ನೆ ಹೊಕ್ಕರೆ ಉತ್ತರ ಸಿಗುವವರೆಗೂ ಅನ್ನ ನೀರು ಬೇಡದ ಹೆಣ್ಣು. ಈಗ ಹೊಕ್ಕಿದ್ದ ಪ್ರಶ್ನೆ ಇದು: ಟಿಪ್ಪರುಗಳಿಗೆ ಜಲ್ಲಿ ತುಂಬುವ ಹಳೇ ಲೋಡರ್ ಇದ್ದಕ್ಕಿದ್ದಂತೆ ಇಷ್ಟೊಂದು ಡೀಸೆಲ್ ಯಾಕೆ ಕುಡಿಯುತ್ತಿದೆ?

ಸೈಟ್ ಇಂಜಿನಿಯರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. "ಯಾರೋ ಕದೀತಿದಾರೆ, ಅಷ್ಟೇ. ಸಂಜೆಯೊಳಗೆ ಕಾರಣ ಹೇಳಿ. ಇಲ್ಲಾಂದ್ರೆ ಲೋಡರ್ ಓಡಿಸೋರು ನಾಳೆಯಿಂದ ಬರೋದು ಬೇಡ."

ಲೋಡರ್ ಓಡಿಸುವವನು ಅವಳ ಸೋದರಮಾವ. ಅಪ್ಪನಿಲ್ಲದ ಹುಡುಗಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿ ಇದೇ ಯಾರ್ಡಿಗೆ ಕರೆತಂದವನು. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಪಿಸುಮಾತು ಆಗಲೇ ಶುರುವಾಗಿತ್ತು.

ಅವಳು ಗಾಡಿಯ ಕೆಳಗೆ ಮಲಗಿ ನೋಡಿದ್ದಳು, ಒಂದು ಹನಿಯೂ ಸೋರಿರಲಿಲ್ಲ. ಏರ್ ಫಿಲ್ಟರ್ ಬದಲಿಸಿದ್ದಳು. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಜಡಿದು ಬೀಗದ ಕೈಯನ್ನು ಕೊರಳ ಸರಕ್ಕೇ ಪೋಣಿಸಿಕೊಂಡಿದ್ದಳು. ಆದರೂ ಡೀಸೆಲ್ ಇಳಿಯುತ್ತಲೇ ಇತ್ತು. ಕಳ್ಳನೇ ಇಲ್ಲದ ಕಳ್ಳತನ ಎಂದರೆ ಯಾರಿಗೆ ತಾನೇ ಕುತೂಹಲ ಹುಟ್ಟುವುದಿಲ್ಲ? ಮಾವನ ಅನ್ನಕ್ಕೇ ಸಂಚಕಾರ ಬಂದಿರುವಾಗ ತನಗೆ ಮೋಜೆನಿಸುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು.

ಬೆಳಿಗ್ಗೆ ನಡೆದದ್ದೊಂದು ಅವಳನ್ನು ಕೊರೆಯುತ್ತಿತ್ತು. ಇಂಜಿನಿಯರು ಎಲ್ಲರ ಬೆನ್ನ ಹಿಂದೆ ನಿಂತು, "ನಿಮ್ಮಲ್ಲೇ ಒಬ್ಬ ಕಳ್ಳ ಇದಾನೆ" ಎಂದಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಒಬ್ಬ ಕೆಮ್ಮಿದ, ಇನ್ನೊಬ್ಬ ಸುಮ್ಮನೆ ಹೆಲ್ಮೆಟ್ ಸರಿಮಾಡಿಕೊಂಡ. ಮಾವ ಮಾತ್ರ ಲೋಡರಿನ ಗಾಜು ಒರೆಸುತ್ತಲೇ ಇದ್ದ. "ಗಟ್ಟಿ ಗುಂಡಿಗೆ ಬಿಡಪ್ಪ" ಎಂದು ಟಿಪ್ಪರ್ ಡ್ರೈವರ್ ಗೊಣಗಿದ. ಆದರೆ ತಪ್ಪು ಮಾಡದವನೂ ಒಮ್ಮೆ ತಿರುಗಿ ನೋಡುತ್ತಾನಲ್ಲ?

ಅವಳು ಜಲ್ಲಿ ರಾಶಿಯ ಪಕ್ಕ ಕಣ್ಣು ಮುಚ್ಚಿ ನಿಂತಳು. ಹಿಂದೆಲ್ಲ ಮಾವ ಓಡಿಸಿದರೆ ಎಂಜಿನ್ ನಿದ್ದೆಯಲ್ಲಿರುವವರಂತೆ ಉಸಿರಾಡುತ್ತಿತ್ತು. ಅವನು ಗೇಜು ನೋಡಿದವನಲ್ಲ, ಸದ್ದು ಕೇಳಿಯೇ ಕಾಲೊತ್ತುತ್ತಿದ್ದ. ಈಗ ಬಕೆಟ್ ಖಾಲಿಯಿದ್ದರೂ ಎಂಜಿನ್ ಅಬ್ಬರಿಸುತ್ತಿತ್ತು.

ಊಟದ ಬಿಡುವಿನಲ್ಲಿ, ಲೋಡರಿನ ಹಿಂದೆ ಯಾರೂ ಸುಳಿಯದಂತೆ ಹಗ್ಗ ಕಟ್ಟಿಸಿ, ಅವಳು ರಿವರ್ಸ್ ಹಾರ್ನಿನ ವೈರ್ ಕಿತ್ತಳು. ಗಾಡಿ ಹಿಂದಕ್ಕೆ ಬರುವಾಗ ಕೂಗುವ ಆ ಹಾರ್ನ್ ಕೆಟ್ಟರೆ ಗಾಡಿಯನ್ನು ಕದಲಿಸಲೇಬಾರದು ಎನ್ನುವುದು ಮಾವನದೇ ಕಟ್ಟಳೆ. ಅದಕ್ಕಾಗಿ ಮಾಲೀಕರೊಡನೆಯೂ ಜಗಳ ಕಾದಿದ್ದ.

ಬಿಡುವು ಮುಗಿದು ಮಾವ ಹತ್ತಿ ಕುಳಿತ. ಜಲ್ಲಿ ತೋಡಿಕೊಂಡು ಹಿಂದಕ್ಕೆ ಬಂದ. ಹಾರ್ನ್ ಕೂಗಲಿಲ್ಲ. ಟಿಪ್ಪರಿಗೆ ಸುರಿದು ಮತ್ತೆ ಹಿಂದಕ್ಕೆ ಬಂದ, ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಇಂಥದ್ದನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸುವುದಿಲ್ಲ. ಕೈಸನ್ನೆ ಮಾಡಿ ಎಂಜಿನ್ ನಿಲ್ಲಿಸಿದಳು, ಕ್ಯಾಬಿನ್ ಹತ್ತಿ ಬಾಗಿಲು ಮುಚ್ಚಿದಳು, ಗಾಜು ಏರಿಸಿದಳು. ಆಮೇಲೆ ಗಂಟಲು ಹರಿಯುವಂತೆ ಕೂಗಿದಳು.

"ಮಾವ, ನಿಂಗೆ ಕಿವಿ ಕೇಳಿಸ್ತಿಲ್ಲ. ಹೊರಗೆ ನಿನ್ನ ಡೀಸೆಲ್ ಕಳ್ಳ ಅಂತಿದಾರೆ."

ಮಾವ ಸ್ಟಿಯರಿಂಗನ್ನೇ ನೋಡುತ್ತ ಕುಳಿತ. "ಪೆಡಲ್ ಜೋರಾಗಿ ಒತ್ತಿ ಹಿಡಿದ್ರೆ ಎಂಜಿನ್ ನಡುಕ ಪಾದಕ್ಕೆ ಗೊತ್ತಾಗತ್ತೆ ಕಣೇ. ಅದ್ರಲ್ಲೇ ಓಡಿಸ್ತಿದ್ದೆ."

"ಹಿಂದೆ ಜನ ಇರ್ತಾರೆ ಮಾವ."

"ಗೊತ್ತು." ಅವನು ಗಾಡಿಯ ಕೀಲಿಯ ಮೇಲೆ ಕೈಯಿಟ್ಟ. "ಒಂದು ಕೆಲ್ಸ ಮಾಡು. ನಾನೇ ಕದ್ದೆ ಅಂತ ಹೇಳಿಬಿಡು. ಕಳ್ಳಂಗೆ ಇನ್ನೊಂದು ಯಾರ್ಡಲ್ಲಿ ಗಾಡಿ ಸಿಗತ್ತೆ. ಕಿವುಡಂಗೆ ಯಾರು ಕೊಡ್ತಾರೆ?"

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಆ ಯಾರ್ಡಲ್ಲೂ ಹಿಂದೆ ಜನ ಇರ್ತಾರೆ. ನಾನು ಇದ್ದದ್ದನ್ನೇ ಹೇಳ್ತೀನಿ. ನಾಳೆ ಕಿವಿ ಡಾಕ್ಟ್ರ ಹತ್ರ ಹೋಗೋಣ. ಅವರು ಹೂಂ ಅನ್ನೋವರೆಗೂ ವರ್ಕ್‌ಶಾಪಲ್ಲಿ ನನ್ ಜೊತೆ ಇರು." ಅವಳು ಕೈ ಚಾಚಿದಳು.

ಮಾವ ಗಾಡಿಯ ಕೀಲಿ ತೆಗೆದು, ಅಂಗಿಗೆ ಒರೆಸಿ, ಅವಳ ಕೈಗಿಟ್ಟ.

"ನೀನು ಕೂಗಿದ್ದು ಹೊರಗೆ ಕೇಳಿಸ್ತೇನೇ?"

ಜಲ್ಲಿ ರಾಶಿಯ ಬಳಿ ಎಲ್ಲರೂ ಕೆಲಸ ಬಿಟ್ಟು ಕ್ಯಾಬಿನ್ನಿನತ್ತಲೇ ನೋಡುತ್ತ ನಿಂತಿದ್ದರು. ಟಿಪ್ಪರ್ ಡ್ರೈವರ್ ತಲೆ ತಗ್ಗಿಸಿದ್ದ.

"ಇಲ್ಲ ಮಾವ" ಎಂದಳು. ಈ ಸಲ ಕೂಗಲಿಲ್ಲ. ಅವನು ಅವಳ ತುಟಿಗಳನ್ನೇ ನೋಡಿ, ಅರ್ಥವಾಯಿತೆಂಬಂತೆ ತಲೆಯಾಡಿಸಿದ.